ನೀರಿನಲ್ಲಿ ಒಬ್ಬರೇ

ಮಕ್ಕಳೇ, ನಮ್ಮ ಜವಳಗಿರಿಯಿಂದ ಸಮುದ್ರ ಬಹಳ ದೂರ. ಇಲ್ಲಿ ಕಾಡಿದೆ, ಗುಡ್ಡವಿದೆ, ಮಳೆ ಬಂದರೆ ತುಂಬುವ ಕೆರೆಗಳಿವೆ. ಆದರೂ ಸಮುದ್ರದಲ್ಲಿ ಈಜುವವರ ವಿಷಯವನ್ನು ನಿಮಗೆ ಹೇಳಬೇಕೆನಿಸಿದೆ.

ಕಬಡ್ಡಿ ಆಡುವಾಗ ಜೊತೆಗಾರರು ಕೂಗಿ ಹುರಿದುಂಬಿಸುತ್ತಾರೆ. ಓಟದಲ್ಲಿ ಪಕ್ಕದವರ ಹೆಜ್ಜೆಯ ಸದ್ದು ಕೇಳುತ್ತದೆ. ಈಜುವವರ ಮುಖವೋ ನೀರಿನೊಳಗೆ. ಕೇಳುವುದು ತಮ್ಮ ಉಸಿರು ಮಾತ್ರ. ಈಜುಕೊಳದ ತಳದಲ್ಲಿ ದಾರಿ ತೋರಿಸುವ ಗೆರೆಗಳಿರುತ್ತವೆ. ಸಮುದ್ರದಲ್ಲಿ ಗೆರೆ ಎಲ್ಲಿಯದು? ಆಗಾಗ ತಲೆಯೆತ್ತಿ ದಿಕ್ಕು ನೋಡಿಕೊಳ್ಳಬೇಕು. ಹರಿವು ಎದುರಾದರೆ ಎಷ್ಟು ಕೈ ಬೀಸಿದರೂ ಇದ್ದಲ್ಲೇ ಇದ್ದ ಹಾಗೆ. ಗಂಟೆಗಟ್ಟಲೆ ಹೀಗೆಯೇ. ಇದನ್ನು ದಿನವೂ ಅಭ್ಯಾಸ ಮಾಡುವುದಿದೆಯಲ್ಲ, ಅದೇ ಗೆಲುವಿಗಿಂತ ದೊಡ್ಡದು ಎಂದು ನನ್ನ ಎಣಿಕೆ.

ಕೋಲ್ಕತ್ತದ ಆರತಿ ಸಾಹಾ ಅವರು 1959ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದರು. ಹೀಗೆ ದಾಟಿದ ಏಷ್ಯಾದ ಮೊದಲ ಮಹಿಳೆ ಅವರು. ಅದಕ್ಕೆ ಮುಂಚೆ ತಮ್ಮ ಊರಿನ ಉದ್ಯಾನದ ಕೊಳದಲ್ಲಿ 8 ಗಂಟೆ ಬಿಡದೆ ಈಜಿದ್ದರು. ನೋಡಲು ಜನ ಸೇರಿದ್ದರು. ಆದರೆ ನೋಡುವವರು ನಡುವೆ ಮನೆಗೆ ಹೋಗಿ ಉಂಡು ಬರಬಹುದು! ಆಗಸ್ಟಿನ ಮೊದಲ ಪ್ರಯತ್ನ ಕೈಗೂಡಲಿಲ್ಲ. ಸೆಪ್ಟೆಂಬರಿನಲ್ಲಿ 16 ಗಂಟೆ 20 ನಿಮಿಷ ಈಜಿ ದಡ ಮುಟ್ಟಿದರು. ಆಗ ಅವರಿಗೆ 19 ವರ್ಷ.

ನಮ್ಮ ತಮಿಳುನಾಡಿನ ಈರೋಡಿನಲ್ಲಿ ಹುಟ್ಟಿದ ಕುಟ್ರಾಲೀಶ್ವರನ್ 1994ರಲ್ಲಿ ಶ್ರೀಲಂಕಾಕ್ಕೂ ನಮಗೂ ನಡುವಿನ ಪಾಕ್ ಜಲಸಂಧಿಯನ್ನು ದಾಟಿದಾಗ 12 ವರ್ಷದ ಬಾಲಕ. ಅದೇ ವರ್ಷ ಇಂಗ್ಲಿಷ್ ಕಾಲುವೆಯನ್ನೂ ದಾಟಿದ. ಈಗ 16 ವರ್ಷ ತುಂಬದವರು ಆ ಕಾಲುವೆಯನ್ನು ಒಬ್ಬರೇ ಈಜಲು ಅನುಮತಿಯಿಲ್ಲ. ಅದು ಸರಿಯೆಂದೇ ನಾನು ಹೇಳುತ್ತೇನೆ.

ಇವರೆಲ್ಲ ಒಬ್ಬರೇ ಈಜಿದರು ಎನ್ನುತ್ತೇವೆ. ನಿಜ. ಆದರೆ ಒಂದು ದೋಣಿ ಜೊತೆಯಲ್ಲೇ ಸಾಗುತ್ತಿತ್ತು. ಅದನ್ನು ಹಿಡಿದುಕೊಂಡರೆ ಈಜು ಲೆಕ್ಕಕ್ಕಿಲ್ಲ. ಹಸಿವಾದರೆ ದೋಣಿಯಿಂದ ಚಾಚಿ ಕೊಟ್ಟದ್ದನ್ನು ನೀರಿನಲ್ಲಿ ತೇಲುತ್ತಲೇ ಕುಡಿಯಬೇಕು. ದೋಣಿಯಲ್ಲಿದ್ದವರು ಕೈ ನೀಡುವುದಿಲ್ಲ, ಆದರೆ ಕಣ್ಣನ್ನೂ ತೆಗೆಯುವುದಿಲ್ಲ.

ಹಳ್ಳಿಗಳಲ್ಲಿ ಈಜು ಕಲಿಸುತ್ತಿದ್ದುದೂ ಹೀಗೆಯೇ. ಒಣಗಿದ ಸೋರೆಬುರುಡೆಯನ್ನು ಸೊಂಟಕ್ಕೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಹಗ್ಗದ ತುದಿ ಮಾವನ ಕೈಯಲ್ಲಿ. ಕೈಕಾಲು ಬಡಿಯುವ ಕೆಲಸ ಮಗುವಿನದು.

ಬೇಸಿಗೆ ರಜೆಯಲ್ಲಿ ಕೆಲವರು ಮನೆಯಲ್ಲಿ ಹೇಳದೆ ಕೆರೆಗೆ, ಕಲ್ಲು ತೆಗೆದ ಗುಂಡಿಗೆ ಇಳಿಯುತ್ತಾರೆ. ಅದನ್ನು ಧೈರ್ಯವೆಂದು ನಾನು ಒಪ್ಪಲಾರೆ. ಕಲ್ಲುಗುಂಡಿಗೆ ಮೆಟ್ಟಿಲಿಲ್ಲ, ಇಳಿಜಾರಿಲ್ಲ; ಮೊದಲ ಹೆಜ್ಜೆಯಲ್ಲೇ ಆಳ. ಜೊತೆಗೆ ಬಂದ ಗೆಳೆಯನಿಗೂ ಈಜು ಬಾರದಿದ್ದರೆ ಅವನು ದಡದಲ್ಲಿದ್ದೂ ಇಲ್ಲದಂತೆ.

ನಿಮಗೆ ಈಜು ಕಲಿಯುವ ಆಸೆಯಿದೆಯೇ? ನಿಮ್ಮ ಮನೆಯಲ್ಲಿ ಈಜು ಬಲ್ಲವರು ಯಾರೆಂದು ಇಂದು ಸಂಜೆಯೇ ಕೇಳಿರಿ. ಅಪ್ಪನನ್ನು, ಮಾವನನ್ನು ಕೇಳಿದ ಮೇಲೆ ಅಜ್ಜಿಯನ್ನೂ ಕೇಳಿರಿ. ಯಾರಿಗೆ ಗೊತ್ತು, ಬಾವಿಯಲ್ಲಿ ಈಜಿದವರು ಅವರೇ ಇರಬಹುದು.