ಕೊಲೆಗಾರನಿಗೂ ರೈಡರ್ ಕವಚ ತೊಡಿಸಬೇಕಿತ್ತೇ?

2002ರ ಫೆಬ್ರವರಿ 3ರಿಂದ 2003ರ ಜನವರಿ 19ರವರೆಗೆ, ಪ್ರತಿ ಭಾನುವಾರ ಬೆಳಿಗ್ಗೆ 8 ಗಂಟೆಗೆ, ಜಪಾನಿನ ಟಿವಿ ಅಸಾಹಿ ವಾಹಿನಿಯಲ್ಲಿ ‘ಕಾಮೆನ್ ರೈಡರ್ ರ‍್ಯೂಕಿ’ ಬರುತ್ತಿತ್ತು. ಒಟ್ಟು 50 ಕಂತು. ಕನ್ನಡಿಯೊಳಗೆ ಒಂದು ಲೋಕ. ಅಲ್ಲಿ ಕವಚ ತೊಟ್ಟು, ತಮ್ಮದೇ ದೈತ್ಯವನ್ನು ಜೊತೆಗಿಟ್ಟುಕೊಂಡ 13 ರೈಡರ್‌ಗಳು ಒಬ್ಬರನ್ನೊಬ್ಬರು ಮುಗಿಸಬೇಕು. ಕೊನೆಗೆ ಉಳಿದವನ ಒಂದು ಕೋರಿಕೆ ಈಡೇರುತ್ತದೆ. ಕಥೆಯ ಮೂರರಲ್ಲೊಂದು ಪಾಲು ಮುಗಿಯುವ ಹೊತ್ತಿಗೆ, ಸೆರೆಯಲ್ಲಿದ್ದ ಅಸಾಕುರಾ ತಾಕೇಶಿ ಎಂಬ ಕೊಲೆಗಾರನ ಕೈಗೂ ರೈಡರ್ ಆಗುವ ಕಾರ್ಡುಗಳ ಪೆಟ್ಟಿಗೆ ಬಂತು. ಅವನು ‘ಓಜಾ’ ಎಂಬ ರೈಡರ್ ಆಗಿ ಸೆರೆಮನೆಯಿಂದ ಹೊರಬಿದ್ದ. ಮಕ್ಕಳು ಕಣ್ಣರಳಿಸಿ ನೋಡುವ ಧಾರಾವಾಹಿಯಲ್ಲಿ, ಪಶ್ಚಾತ್ತಾಪವೇ ಇಲ್ಲದ ಇಂಥವನನ್ನು ನಾಯಕರ ಸಾಲಿಗೆ ಸೇರಿಸಿದ್ದು ಸರಿಯೇ? ಇಬ್ಬರು ಇಲ್ಲಿ ಎರಡು ಕಡೆಯಿಂದ ವಾದಿಸಿದ್ದಾರೆ.

ಪರ: ಅವನಿಲ್ಲದಿದ್ದರೆ ಉಳಿದವರ ಕೈ ಕಾಣುತ್ತಲೇ ಇರಲಿಲ್ಲ

ಅಸಾಕುರಾ ಬರುವವರೆಗೆ ರ‍್ಯೂಕಿಯ ಮುಖ್ಯ ರೈಡರ್‌ಗಳೆಲ್ಲ ಒಂದೊಂದು ಕಾರಣ ಹೇಳಿಕೊಂಡೇ ಹೊಡೆದಾಡುತ್ತಿದ್ದರು. ಅಕಿಯಾಮಾ ರೆನ್‌ಗೆ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವ ತನ್ನ ಪ್ರೇಯಸಿ ಎರಿ ಕಣ್ಣು ಬಿಡಬೇಕು. ವಕೀಲ ಕಿತಾಓಕಾ ಶೂಇಚಿಗೆ ವಾಸಿಯಾಗದ ಕಾಯಿಲೆ, ಅವನಿಗೆ ಬದುಕಬೇಕು. ಈ ಕ್ರೂರ ಆಟವನ್ನು ಹೂಡಿದ ಕನ್ಜಾಕಿ ಶಿರೋಗೂ ತಂಗಿ ಯೂಇಯನ್ನು ಉಳಿಸಿಕೊಳ್ಳುವುದೇ ಹಂಬಲ. ಕಾರಣ ಒಳ್ಳೆಯದಾದರೆ ನೋಡುವವರ ಮನಸ್ಸು ಕರಗಿಬಿಡುತ್ತದೆ. ರೆನ್ ಕತ್ತಿ ಎತ್ತಿದಾಗ ‘ಪಾಪ, ಅವನ ಕಷ್ಟ ಅವನಿಗೆ’ ಅಂದುಕೊಳ್ಳುತ್ತೇವೆ. ಆ ಕತ್ತಿಯ ಎದುರಿಗಿರುವುದೂ ಒಂದು ಜೀವ ಎಂಬುದು ಆ ಗಳಿಗೆಯಲ್ಲಿ ನೆನಪಾಗುವುದಿಲ್ಲ.

ಅಸಾಕುರಾಗೆ ಹೇಳಿಕೊಳ್ಳಲು ಏನೂ ಇಲ್ಲ. ಅವನಿಗೆ ಹೊಡೆದಾಟ ಬೇಕು, ಅಷ್ಟೆ. ಹೊಡೆದಾಟ ನಿಂತರೆ ಮೈಯೆಲ್ಲ ಕಿರಿಕಿರಿ. ಆಟದ ನಿಯಮ ಏನು ಕೇಳುತ್ತದೋ ಅದನ್ನು ಯಾವ ನೆಪವೂ ಇಲ್ಲದೆ ಮಾಡಿ ತೋರಿಸುವವನು ಅವನೊಬ್ಬನೇ. ಕಿತಾಓಕಾ ತನ್ನ ಯಂತ್ರದೈತ್ಯದಿಂದ ಗುಂಡು, ಕ್ಷಿಪಣಿಗಳನ್ನು ಒಟ್ಟಿಗೆ ಸುರಿಸಿದಾಗ ಅಸಾಕುರಾ ಪಕ್ಕದಲ್ಲಿದ್ದ ಶಿಬಾಉರಾ ಜುನ್‌ನನ್ನು ಎಳೆದು ಅಡ್ಡ ಹಿಡಿಯುತ್ತಾನೆ. ಶಿಬಾಉರಾ ಕಾಲೇಜು ಹುಡುಗ; ಈ ಯುದ್ಧವೆಲ್ಲ ಕಂಪ್ಯೂಟರ್ ಗೇಮ್ ಇದ್ದಂತೆ ಎಂದು ನಗುತ್ತಿದ್ದವನು. ತನ್ನನ್ನೇ ಏಕೆ ಗುರಾಣಿ ಮಾಡಿಕೊಂಡೆ ಎಂದು ಅವನಿಗೆ ಅರ್ಥವಾಗುವುದಿಲ್ಲ. ಹತ್ತಿರ ನಿಂತಿದ್ದೇ ಅವನ ತಪ್ಪು ಎಂಬುದು ಅಸಾಕುರಾನ ಧಾಟಿ. ಆಮೇಲೆ ಅಸಾಕುರಾನೇ ಅವನ ಕಥೆ ಮುಗಿಸುತ್ತಾನೆ. ಅಲ್ಲಿಯವರೆಗೆ ಆಟ ಎನಿಸುತ್ತಿದ್ದದ್ದು ಆಮೇಲೆ ಯಾರಿಗೂ ಆಟವಾಗಿ ಉಳಿಯುವುದಿಲ್ಲ, ಟಿವಿ ಮುಂದೆ ಕೂತವರಿಗೂ.

ಸಾನೋ ಮಿತ್ಸುರು ಸಾಯುವ ದೃಶ್ಯ ಇನ್ನೂ ಕಠಿಣ. ಇವನು ಬಡವನಾಗಿದ್ದು ದಿಢೀರನೆ ಸಿರಿವಂತನಾದ ಹುಡುಗ. ಮದುವೆ ಗೊತ್ತಾಗಿದೆ, ಇನ್ನು ಯುದ್ಧ ಬೇಡವೆನಿಸಿದೆ. ಆದರೆ ಒಮ್ಮೆ ಒಳಹೊಕ್ಕವರಿಗೆ ಹಾಗೆಲ್ಲ ಬಿಡುಗಡೆಯಿಲ್ಲ. ಅಸಾಕುರಾನ ಏಟಿಗೆ ಅವನ ಪೆಟ್ಟಿಗೆ ಒಡೆದುಹೋಗುತ್ತದೆ. ಪೆಟ್ಟಿಗೆ ಒಡೆದರೆ ಕನ್ನಡಿ ಲೋಕದಿಂದ ಹೊರಬರುವ ದಾರಿಯೇ ಮುಚ್ಚಿದಂತೆ. ಗಾಜಿನ ಆಚೆ ಮದುವೆಯಾಗಬೇಕಿದ್ದ ಹುಡುಗಿ ಅವನಿಗಾಗಿ ಕಾಯುತ್ತಿದ್ದಾಳೆ. ಈಚೆಯಿಂದ ಅವನು ಗಾಜು ಬಡಿಯುತ್ತ, ನನ್ನನ್ನು ಹೊರಗೆ ಬಿಡಿ ಎಂದು ಗೋಗರೆಯುತ್ತ ಕಣಕಣವಾಗಿ ಕರಗಿಹೋಗುತ್ತಾನೆ. ಅವಳಿಗೆ ಏನೂ ಕೇಳಿಸುವುದಿಲ್ಲ. ಇದು ಭಾನುವಾರ ಬೆಳಿಗ್ಗೆ ತೋರಿಸುವಂಥದ್ದೇ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಹೌದು. ಸೂಪರ್‌ಹೀರೋ ಕಥೆಗಳಲ್ಲಿ ವಾರಕ್ಕೊಂದು ರಾಕ್ಷಸ ಢಂ ಎಂದು ಸಿಡಿದು ಸಾಯುತ್ತಾನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಸಾವು ಅಂದರೆ ಮನೆಯಲ್ಲಿ ಯಾರೋ ಕಾಯುತ್ತಿರುವುದು ಎಂದು ಈ ಕಂತು ಹೇಳಿದಷ್ಟು ಸ್ಪಷ್ಟವಾಗಿ ಇನ್ನೊಂದು ಹೇಳಿದ್ದನ್ನು ನಾನು ಕಂಡಿಲ್ಲ.

ಅಸಾಕುರಾನನ್ನು ಖಳನೆಂದು ತಳ್ಳಿಬಿಡುವವರು ಗಮನಿಸದ ಒಂದು ಜೋಡಿ ಈ ಕಥೆಯಲ್ಲಿದೆ. ರ‍್ಯೂಕಿ ಆಗುವ ಕಿಡೋ ಶಿಂಜಿ ಒಂದು ಸಣ್ಣ ಸುದ್ದಿಸಂಸ್ಥೆಯ ಎಳೆಯ ವರದಿಗಾರ. ಅವನಿಗೂ ಕೋರಿಕೆ ಇಲ್ಲ. ರೈಡರ್‌ಗಳ ಸಾಲಿನಲ್ಲಿ ತನಗೆಂದು ಏನನ್ನೂ ಕೇಳದವರು ಇವರಿಬ್ಬರು. ಒಬ್ಬನಿಗೆ ಯುದ್ಧ ನಿಲ್ಲಬೇಕು, ಇನ್ನೊಬ್ಬನಿಗೆ ಅದು ನಿಲ್ಲಲೇಬಾರದು. ಉಳಿದವರೆಲ್ಲ ಈ ಇಬ್ಬರ ನಡುವೆ ಎಲ್ಲೋ ನಿಂತು ತೂಗಾಡುತ್ತಾರೆ. ರೆನ್ ಒಂದು ದಿನ ಶಿಂಜಿಯ ಕಡೆ ವಾಲಿದರೆ ಮರುದಿನ ಅಸಾಕುರಾನ ಕಡೆ ವಾಲುತ್ತಾನೆ. ಒಂದು ತುದಿಯನ್ನು ಕತ್ತರಿಸಿ ಹಾಕಿದರೆ ಈ ತೂಗಾಟ ಕಾಣುವುದು ಹೇಗೆ?

ರೈಡರ್ ಎಂಬ ಹೆಸರಿಗೆ ಮಸಿ ಬಳಿದರು ಎಂಬ ದೂರಿಗೂ ಉತ್ತರವಿದೆ. ಇಶಿನೊಮೊರಿ ಶೋತಾರೋ 1971ರಲ್ಲಿ ಸೃಷ್ಟಿಸಿದ ಮೊದಲ ರೈಡರ್ ಹೊಂಗೊ ತಾಕೇಶಿಯನ್ನು ಅಪಹರಿಸಿ, ಅವನ ದೇಹವನ್ನು ಮಾರ್ಪಡಿಸಿದ್ದು ಷಾಕರ್ ಎಂಬ ದುಷ್ಟಕೂಟ. ಅವನ ಬಲ ಬಂದದ್ದು ವೈರಿಯ ಕೈಯಿಂದಲೇ. ಕವಚ ಒಳ್ಳೆಯವರ ಸ್ವತ್ತು ಎಂದು ಆ ಕಥೆ ಮೊದಲ ದಿನದಿಂದಲೂ ಹೇಳಿಲ್ಲ. ರ‍್ಯೂಕಿ ಶುರುವಾದಾಗ ಅಮೆರಿಕದ ಮೇಲೆ 2001ರ ಸೆಪ್ಟೆಂಬರ್ 11ರ ದಾಳಿ ನಡೆದು ಐದು ತಿಂಗಳೂ ತುಂಬಿರಲಿಲ್ಲ. ನ್ಯಾಯ ನಮ್ಮ ಕಡೆಗಿದೆ ಎಂದು ಎಲ್ಲರೂ ಎದೆ ತಟ್ಟಿಕೊಳ್ಳುತ್ತಿದ್ದ ಕಾಲ. ನಿರ್ಮಾಪಕ ಶಿರಾಕುರಾ ಶಿನ್‌ಇಚಿರೋ 2004ರಲ್ಲಿ ನಾಯಕರು ಮತ್ತು ನ್ಯಾಯ ಎಂಬ ವಿಷಯವನ್ನೇ ಹಿಡಿದು ಪುಸ್ತಕ ಬರೆದರು. ಅಂಥವರು ಮುಖ್ಯ ಲೇಖಕಿ ಕೊಬಾಯಾಶಿ ಯಾಸುಕೊ ಜೊತೆ ಸೇರಿ ಮಾಡಿದ ಕೆಲಸ ಇದು. ಇದನ್ನು ಮಕ್ಕಳನ್ನು ಬೆಚ್ಚಿಬೀಳಿಸುವ ಗಿಮಿಕ್ ಎನ್ನುವುದು ಅನ್ಯಾಯ.

ಅಸಾಕುರಾಗೆ ಸಿಕ್ಕ ಸಾವನ್ನೂ ನೋಡಿ. ವೀರಮರಣವಿಲ್ಲ, ಮನಸ್ಸು ಬದಲಾಗುವ ಕಣ್ಣೀರಿನ ದೃಶ್ಯವಿಲ್ಲ. ತನಗೆ ಶಿಕ್ಷೆ ಕಡಿಮೆ ಮಾಡಿಸಿದರೂ ಬಿಡುಗಡೆ ಮಾಡಿಸಲಿಲ್ಲವೆಂದು ಅವನು ದ್ವೇಷ ಕಟ್ಟಿಕೊಂಡಿದ್ದ ವಕೀಲ ಕಿತಾಓಕಾ ಕಾಯಿಲೆಯಿಂದಲೇ ತೀರಿಕೊಂಡಿರುತ್ತಾನೆ. ಕೊನೆಯ ಕಾಳಗಕ್ಕೆ ಅವನ ಕವಚ ತೊಟ್ಟು ಬಂದವನು ಕಿತಾಓಕಾನ ನೆಚ್ಚಿನ ಸಹಾಯಕ ಗೋರೊ. ಎದುರಾಳಿಯನ್ನು ಕೆಡವಿದ ಮೇಲೆ ಅಸಾಕುರಾಗೆ ಇದು ಗೊತ್ತಾಗುತ್ತದೆ. ಆಮೇಲೆ ಕವಚವಿಲ್ಲದೆ, ಕೈಯಲ್ಲೊಂದು ಕಬ್ಬಿಣದ ಕೊಳವೆ ಹಿಡಿದು, ಸುತ್ತುಗಟ್ಟಿದ ಪೊಲೀಸರ ಬಂದೂಕುಗಳ ಮೇಲೆ ನುಗ್ಗುತ್ತಾನೆ. ಇದನ್ನು ನೋಡಿದ ಯಾವ ಮಗುವೂ ‘ನಾನೂ ಹೀಗಾಗಬೇಕು’ ಅಂದುಕೊಳ್ಳುವುದನ್ನು ನಾನು ಊಹಿಸಲಾರೆ.

ವಿರೋಧ: ಕೊಳಕು ಕೆಲಸಕ್ಕೆ ಒಬ್ಬ ಆಳು

ಮಗು ನೋಡುವುದು ಕೊನೆಯ ಕಂತೊಂದನ್ನೇ ಅಲ್ಲ. ಅಸಾಕುರಾ ತೆರೆಯ ಮೇಲಿರುವುದು ಮೂವತ್ತಕ್ಕೂ ಹೆಚ್ಚು ವಾರ. ಅಷ್ಟೂ ವಾರ ಅವನು ಹೇಗೆ ಕಾಣುತ್ತಾನೆ? ನೇರಳೆ ಬಣ್ಣದ ಕವಚ, ಕಾಳಿಂಗದ ಹೆಡೆಯಂಥ ಶಿರಸ್ತ್ರಾಣ. ಹಾವಿನ ತಲೆಯ ದಂಡಕ್ಕೆ ಅವನು ಕಾರ್ಡು ತೂರಿಸುತ್ತಾನೆ. ‘ಫೈನಲ್ ವೆಂಟ್’ ಎಂಬ ದನಿ ಮೊಳಗುತ್ತದೆ. ಬೆನ್ನ ಹಿಂದೆ ಮನೆಯೆತ್ತರದ ಸರ್ಪ ಹರಿದು ಬರುತ್ತದೆ. ಅವನು ಓಡಿ, ಹಿಂದಕ್ಕೆ ಪಲ್ಟಿ ಹೊಡೆದು, ಸರ್ಪ ಉಗುಳಿದ ವಿಷದ ರಭಸಕ್ಕೆ ಬಾಣದಂತೆ ಹಾರಿ, ಎರಡೂ ಕಾಲಿನಿಂದ ಒದೆಯ ಮಳೆ ಸುರಿಸುತ್ತಾನೆ. ಸರಣಿಯ ಅತ್ಯಂತ ಸೊಗಸಾದ ಹೊಡೆತಗಳಲ್ಲಿ ಇದೂ ಒಂದು. ಸತ್ತ ಶಿಬಾಉರಾನ ಘೇಂಡಾಮೃಗವನ್ನೂ ಸತ್ತ ಇನ್ನೊಬ್ಬನ ತೊರಕೆ ಮೀನನ್ನೂ ಅವನು ತನ್ನದಾಗಿಸಿಕೊಳ್ಳುತ್ತಾನೆ. ಕೊಂದಷ್ಟೂ ಅವನ ಬಲ ಹೆಚ್ಚುತ್ತದೆ, ವೈಭವವೂ ಹೆಚ್ಚುತ್ತದೆ. ಈ ಕಾರ್ಡುಗಳು, ಬೆಲ್ಟುಗಳು ಆಟಿಕೆಯಂಗಡಿಯಲ್ಲೂ ಇದ್ದವು. ಧಾರಾವಾಹಿಯ ಅರ್ಧ ಬದುಕು ನಡೆಯುವುದು ಆ ಅಂಗಡಿಯಲ್ಲೇ. ಕೈಯಲ್ಲಿ ಆ ದಂಡ ಹಿಡಿದ ಆರು ವರ್ಷದ ಹುಡುಗನಿಗೆ ನೆನಪಿರುವುದು ಒದೆಯೋ ಪೊಲೀಸರ ಗುಂಡೋ?

ಪಾತ್ರ ಮಾಡಿದ ಹಗಿನೋ ತಾಕಾಶಿ ಸೊಗಸಾದ ನಟ. ಅದೂ ಒಂದು ತೊಂದರೆಯೇ. 1996ರ ‘ಚೋಕೊ ಸೆನ್ಶಿ ಚೇಂಜೇರಿಯನ್’ನಲ್ಲಿ ಅವರು ನಗಿಸುತ್ತ ನಲಿಯುವ ನಾಯಕನಾಗಿದ್ದವರು. ಅಂಥ ಆಕರ್ಷಣೆಯಿರುವ ನಟ ಕತ್ತನ್ನು ನಿಧಾನ ಹೊರಳಿಸಿ ಎದುರಾಳಿಯನ್ನು ದಿಟ್ಟಿಸಿದರೆ ಕಣ್ಣು ಅವರ ಮೇಲೇ ನೆಡುತ್ತದೆ. ಸತ್ತವರ ಕಡೆ ಹೊರಳುವುದಿಲ್ಲ.

ಆದರೆ ನನ್ನ ಮುಖ್ಯ ತಕರಾರು ಮಕ್ಕಳ ಭಯದ ಬಗ್ಗೆ ಅಲ್ಲ, ಕಥೆಯ ಪ್ರಾಮಾಣಿಕತೆಯ ಬಗ್ಗೆ. ಅಸಾಕುರಾ ಬಂದಿದ್ದರಿಂದ ಉಳಿದವರ ಕೈ ಕಾಣಿಸಿತು ಎನ್ನುತ್ತಾರೆ ಪರವಾಗಿ ಬರೆದವರು. ಸರಣಿಯಲ್ಲಿ ಯಾರು ಯಾರ ಕೈಯಲ್ಲಿ ಸತ್ತರು ಎಂದು ಎಣಿಸಿ ನೋಡಲಿ. ಮೊದಲು ಸಾಯುವ ರೈಡರ್ ಸುದೋ ಮಸಾಶಿ ಒಬ್ಬ ಭ್ರಷ್ಟ ಪತ್ತೇದಾರ. ರೆನ್‌ನ ಜೊತೆಗಿನ ಕಾಳಗದಲ್ಲಿ ಅವನ ಪೆಟ್ಟಿಗೆಗೆ ಬಿರುಕು ಬೀಳುತ್ತದೆ, ಆದರೆ ಅವನನ್ನು ತಿನ್ನುವುದು ಅವನೇ ಸಾಕಿದ್ದ ದೈತ್ಯ. ಅದರ ನಂತರ ಶಿಬಾಉರಾ ಅಸಾಕುರಾನ ಕೈಯಲ್ಲಿ. ಭವಿಷ್ಯ ನುಡಿಯುವ ತೆಜುಕಾ ಮಿಯುಕಿ ಅಸಾಕುರಾನ ಒದೆಗೆ, ಶಿಂಜಿಗೆ ಅಡ್ಡ ಬಂದು. ಸಾನೋ ಅಸಾಕುರಾನ ಏಟಿಗೆ. ಗೋರೊ ಕೂಡ. ರೆನ್ ಕೊಲ್ಲಲೇಬೇಕಾದ ಗಳಿಗೆ ಹತ್ತಿರ ಬರುತ್ತದೆ, ಮತ್ತೆ ಸರಿದುಹೋಗುತ್ತದೆ. ಕಥೆಗೆ ಸಾವು ಬೇಕಿತ್ತು. ನಮಗೆ ಪ್ರಿಯರಾದವರ ಕೈ ಕೊಳೆಯಾಗುವುದು ಬೇಕಿರಲಿಲ್ಲ. ಹಾಗಾಗಿ ಆ ಕೆಲಸಕ್ಕೆ ಒಬ್ಬ ಆಳನ್ನು ಜೈಲಿನಿಂದ ಕರೆತಂದರು. ರೆನ್ ಎರಿಗಾಗಿ ಒಬ್ಬ ಮನುಷ್ಯನನ್ನು ನಿಜಕ್ಕೂ ಕೊಂದು ಆಸ್ಪತ್ರೆಗೆ ಹೋಗಿ ಅವಳ ಪಕ್ಕ ಕೂತಿದ್ದರೆ, ಆಗ ಅದು ಎದೆ ನಡುಗಿಸುವ ಕಥೆಯಾಗುತ್ತಿತ್ತು.

ಅಸಾಕುರಾನನ್ನು ಒಳಿತು ಕೆಡುಕುಗಳ ನಡುವೆ ನಿಂತವನು ಎನ್ನುವುದನ್ನೂ ನಾನು ಒಪ್ಪಲಾರೆ. ನಡುವೆ ನಿಲ್ಲಬೇಕಾದರೆ ಎರಡು ಕಡೆಯ ಸೆಳೆತವೂ ಇರಬೇಕು. ಇನ್ನೊಬ್ಬ ರೈಡರ್ ತೋಜೋ ಸಾತೋರುವನ್ನು ನೋಡಿ. ತಾನು ನಾಯಕನಾಗಬೇಕೆಂಬ ಹುಚ್ಚಿಗೆ ಬಿದ್ದು, ತನ್ನನ್ನು ನಂಬಿದ ಪ್ರೊಫೆಸರ್ ಕಗಾವಾರನ್ನೇ ಕೊಂದವನು. ಒಂದು ದಿನ ದಾರಿಯಲ್ಲಿ, ವಾಹನದಡಿ ಸಿಗಲಿದ್ದ ತಂದೆ ಮಗುವನ್ನು ಆಚೆ ತಳ್ಳಿ ತಾನೇ ಸಾಯುತ್ತಾನೆ. ಪತ್ರಿಕೆ ಅವನನ್ನು ನಾಯಕನೆಂದು ಬರೆಯುತ್ತದೆ. ಅವನು ಒಳ್ಳೆಯವನೋ ಕೆಟ್ಟವನೋ ಎಂದು ನಾನು ಇವತ್ತಿಗೂ ಹೇಳಲಾರೆ. ಅಸಾಕುರಾನ ವಿಷಯದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ.

ಇಂಥ ಪಾತ್ರಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ರ‍್ಯೂಕಿಗಿಂತ ಹತ್ತು ವರ್ಷ ಮೊದಲು, 1992ರ ‘ಕ್ಯೋರ‍್ಯೂ ಸೆಂಟಾಯ್ ಜ್ಯೂರೇಂಜರ್’ನಲ್ಲಿ ಬುರಾಯ್ ಎಂಬ ಡ್ರ್ಯಾಗನ್ ರೇಂಜರ್ ಬಂದಿದ್ದ. ಅವನು ಬಂದದ್ದೇ ನಾಯಕ ಗೆಕಿಯನ್ನು ಕೊಲ್ಲಲು. ಗೆಕಿ ಅವನ ಒಡಹುಟ್ಟಿದ ತಮ್ಮ. ಆದರೆ ಗೆಕಿಯನ್ನು ಸಾಕಿ ಬೆಳೆಸಿದ ರಾಜನೇ ಬುರಾಯ್‌ನ ತಂದೆಯ ಸಾವಿಗೆ ಕಾರಣ. ಆ ದ್ವೇಷ ಚಿಕ್ಕ ಮಗುವಿಗೂ ಅರ್ಥವಾಗುತ್ತದೆ. ಮನಸ್ಸು ತಿಳಿಯಾಗಿ ತಮ್ಮನ ಪಕ್ಕ ನಿಂತಾಗ ಅವನ ಆಯಸ್ಸು ಮುಗಿಯುತ್ತ ಬಂದಿದೆ. ಅದನ್ನು ಅಳೆಯುವ ಹಸಿರು ಮೇಣದಬತ್ತಿ ಅವನು ಕಾಲ ನಿಂತ ತನ್ನ ಕೋಣೆಯಿಂದ ಹೊರಬಂದಾಗಲೆಲ್ಲ ಕರಗುತ್ತದೆ. ತಮ್ಮನಿಗೆ ನೆರವಾದ ಪ್ರತಿ ಸಲವೂ ಅವನು ಬೆಲೆ ತೆರುತ್ತಾನೆ. ಅಸಾಕುರಾ ಯಾರಿಗೆ ಯಾವ ಬೆಲೆ ತೆತ್ತ?

ಪರ, ಮತ್ತೊಮ್ಮೆ

ಬುರಾಯ್ ನನಗೂ ಪ್ರಿಯನೇ. ಆದರೆ ಅಣ್ಣನ ಕೋಪ ಕರಗುತ್ತದೆಂದು ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ. ಮಾತಿಗೆ ಬಗ್ಗದವರೂ ಲೋಕದಲ್ಲಿ ಇದ್ದಾರೆ, ಅವರ ಎದುರು ನಿಂತು ಶಿಂಜಿಯಂಥವನು ಏನು ಮಾಡಬೇಕು ಎಂಬ ಪ್ರಶ್ನೆ ಆ ಕಥೆಯಲ್ಲಿ ಏಳಲಾರದು. ತೆಜುಕಾ ಸಾಯುವಾಗ ಹೇಳುವುದನ್ನು ನೆನಪಿಸಿಕೊಳ್ಳಿ: ಮುಂದೆ ಸಾಯಬೇಕಾದವನು ಶಿಂಜಿಯೆಂದು ತೆಜುಕಾನ ಭವಿಷ್ಯವಾಣಿಯಲ್ಲಿ ಕಂಡಿತ್ತು, ಆ ವಿಧಿಯನ್ನು ಅವನು ತನ್ನ ಜೀವ ಕೊಟ್ಟು ಬದಲಿಸಿದ. ಅಸಾಕುರಾನ ಒದೆಗೆ ಕರುಣೆಯಿಲ್ಲದ್ದರಿಂದಲೇ ಆ ತ್ಯಾಗಕ್ಕೆ ತೂಕ ಬಂತು.

ಅಸಾಕುರಾ ಇಲ್ಲದ ರ‍್ಯೂಕಿ ಹೇಗಿರುತ್ತದೆ ಎಂದು ನೋಡಲು ಕಲ್ಪಿಸಿಕೊಳ್ಳಬೇಕಾಗಿಲ್ಲ. ಇದೇ ಕವಚಗಳನ್ನು ಇಟ್ಟುಕೊಂಡು ಅಮೆರಿಕದಲ್ಲಿ ‘ಕಾಮೆನ್ ರೈಡರ್ ಡ್ರ್ಯಾಗನ್ ನೈಟ್’ ಮಾಡಿದರು. 2009ರಲ್ಲಿ ಅಲ್ಲಿನ ಮಕ್ಕಳು ಅದನ್ನು ನೋಡಿದರು. ಅದರಲ್ಲಿ ಸೋತ ರೈಡರ್ ಸಾಯುವುದಿಲ್ಲ, ಬೇರೊಂದು ಶೂನ್ಯಕ್ಕೆ ರವಾನೆಯಾಗುತ್ತಾನೆ. ಹಾವಿನ ಕವಚ ತೊಟ್ಟವನು ಒಬ್ಬ ವಂಚಕ. ಹೊಡೆದಾಟಗಳನ್ನು ಅಚ್ಚುಕಟ್ಟಾಗಿ ಮಾಡಿದ್ದಾರೆ, ಸಾಹಸ ಸಂಯೋಜನೆಗೆ ಡೇಟೈಮ್ ಎಮ್ಮಿ ಪ್ರಶಸ್ತಿಯೂ ಬಂತು. ಆದರೆ ಯಾರೋ ಸೋತ ಮೇಲೆ ಅವರ ಮನೆಯಲ್ಲಿ ಏನಾಯಿತೆಂದು ಕೇಳಬೇಕೆನಿಸುವುದಿಲ್ಲ.

ವಿರೋಧ, ಮತ್ತೊಮ್ಮೆ

ಮನೆಯವರ ಮಾತು ಬಂದಿದ್ದರಿಂದ ಒಂದು ಹೆಸರು ಹೇಳುತ್ತೇನೆ. ಸೈತೋ ಯೂಇಚಿ. ತೆಜುಕಾನ ಗೆಳೆಯ, ಪಿಯಾನೋ ವಾದಕ. ಅಸಾಕುರಾ ನಡೆಸಿದ ಹಲ್ಲೆಯಲ್ಲಿ ಅವನ ಕೈ ಗಾಯಗೊಂಡು, ಮುಂದೆ ನುಡಿಸಲಾಗದ ಹಾಗಾಯಿತು. ಕೈ ವಾಪಸು ಸಿಗುತ್ತದೆಂದು ಕನ್ಜಾಕಿ ಆಸೆ ತೋರಿಸಿ ಪೆಟ್ಟಿಗೆ ನೀಡಿದರೂ ಯುದ್ಧ ಬೇಡವೆಂದ. ಅದಕ್ಕಾಗಿ ದೈತ್ಯನ ಬಾಯಿಗೆ ಹೋದ. 50 ಕಂತುಗಳಲ್ಲಿ ಇವನಿಗೆ ಸಿಕ್ಕಿದ್ದು ತೆಜುಕಾನ ನೆನಪಿನಲ್ಲಿ ಬಂದುಹೋಗುವ ಕೆಲವು ನಿಮಿಷ. ಕೈ ಕಳೆದುಕೊಂಡವನು ಕೊಲ್ಲಲು ಒಪ್ಪದೆ ಸತ್ತ, ಕೈ ಮುರಿದವನು ಕವಚ ತೊಟ್ಟು ತಿಂಗಳುಗಟ್ಟಲೆ ತೆರೆ ತುಂಬಿದ. ಸೈತೋನ ಹೆಸರಿನಲ್ಲಿ ಒಂದು ಪೂರ್ತಿ ಕಂತು ಮಾಡಿ, ಆಮೇಲೆ ಅಸಾಕುರಾಗೆ ಪೆಟ್ಟಿಗೆ ಕೊಟ್ಟಿದ್ದರೆ ನಾನು ಇಷ್ಟು ವಾದಿಸುತ್ತಿರಲಿಲ್ಲ.