ಜಾವಾ ಮೇಲೊ, ಯೆಜ್ಡಿ ಮೇಲೊ?

ನಾನು ಈ ಪ್ರಶ್ನೆಯನ್ನೆತ್ತಿದಾಗಲೆಲ್ಲ ಗೆಳೆಯರು ನಗುತ್ತಾರೆ. ಇತಿಹಾಸದ ವಿದ್ಯಾರ್ಥಿಗೆ ಮೋಟಾರ್ ಸೈಕಲ್ಲಿನ ಗೊಡವೆಯೇಕೆಂದು ಅಧ್ಯಾಪಕರೂ ಕೇಳಬಹುದು. ಗೊಡವೆ ಇದೆ, ಮುಂದೆ ಹೇಳುತ್ತೇನೆ.

ಎರಡೂ ಮೈಸೂರಿನ ಕೂಸುಗಳು. 1929ರಲ್ಲಿ ಜಾನೆಚೆಕ್ ಎಂಬ ಝೆಕ್ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡು, ತನ್ನ ಹೆಸರಿನ ‘ಜಾ’ಗೆ ಅದರ ‘ವಾ’ವನ್ನು ಕೂಡಿಸಿದ. ಆದ್ದರಿಂದ ಹೆಸರಿನಲ್ಲಿ ಅರ್ಧ ಜರ್ಮನ್! 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಅದನ್ನು ಇಲ್ಲಿಯೇ ತಯಾರಿಸತೊಡಗಿತು. 1973ರಿಂದ ಗಾಡಿಯ ಹೆಸರು ಯೆಜ್ಡಿಯಾಯಿತು; 1978ರಲ್ಲಿ ರೋಡ್‌ಕಿಂಗ್ ಬಂದಿತು; 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. 2018 ಮತ್ತು 2022ರಲ್ಲಿ ಅದೇ ಹೆಸರುಗಳನ್ನು ಹೊತ್ತು ಬಂದ ಹೊಸ ಗಾಡಿಗಳ ಮಾತು ಇಲ್ಲಿ ಬೇಡ. ಅವು ಬೇರೆಯೇ ಜಾತಿ.

ಓಟದ ಮಟ್ಟಿಗೆ ವಾದಕ್ಕೆ ಎಡೆಯಿಲ್ಲ. ಎರಡರದೂ 250 ಸಿ.ಸಿ.ಯ ಟೂ-ಸ್ಟ್ರೋಕ್ ಎಂಜಿನ್ನೇ. ಎರಡಕ್ಕೂ ಜೋಡಿ ಸೈಲೆನ್ಸರ್. ಎರಡರಲ್ಲಿಯೂ ಸ್ಟಾರ್ಟ್ ಮಾಡುವ ಕಿಕ್ಕರೇ ಗೇರು ಹಾಕುವ ಸನ್ನೆಯೂ ಹೌದು. ಆದರೆ ಹಳೆಯ ಜಾವಾದ ಬಲ ಸುಮಾರು 12 ಅಶ್ವಶಕ್ತಿ, ರೋಡ್‌ಕಿಂಗಿನದು 16. ಹೊರೆ ಹೇರಿ ಏರು ಹತ್ತಿಸಿದವರಿಗೆ ಈ ನಾಲ್ಕರ ಬೆಲೆ ಗೊತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಸುಡುವುದರಿಂದ ಎರಡೂ ಹೊಗೆಯುಗುಳುತ್ತವೆ, ಇದನ್ನು ಮುಚ್ಚಿಡಲಾರೆ. ನಮ್ಮ ಬೀದಿಯ ಹಿರಿಯರು ನಸುಕಿನಲ್ಲಿ ಬೈಯುವುದು ನ್ಯಾಯವೇ.

ಸಂಗ್ರಹಕಾರರ ತಕ್ಕಡಿ ಬೇರೆ. ಅಲ್ಲಿ ಜಾವಾ ಮೇಲು. ಬಸವನಗುಡಿಯ ಮನೆಯೊಂದರಲ್ಲಿ ಅಂಥದೊಂದಿದೆ: ದುಂಡು ಟ್ಯಾಂಕು, ಮಿರುಗುವ ಕ್ರೋಮು, ಕಡುಗೆಂಪು ಬಣ್ಣ. ಭಾನುವಾರ ಹೊದಿಕೆ ತೆಗೆದು ಒರೆಸಿ ಮತ್ತೆ ಹೊದಿಸುತ್ತಾರೆ. ಕಣ್ಣಿಗೆ ಹಬ್ಬವೆಂಬುದನ್ನು ಒಪ್ಪಿದೆ.

ನಮ್ಮ ತಂದೆಯದು 1986ರ ರೋಡ್‌ಕಿಂಗ್. ದಿನವೂ ನಸುಕಿನಲ್ಲಿ ಕೃಷ್ಣರಾಜ ಮಾರುಕಟ್ಟೆಯಿಂದ ಸೇವಂತಿಗೆಯ ಮೂಟೆ ಹೇರಿಕೊಂಡು, ಚಾಮರಾಜಪೇಟೆಯ ಮೇಲೆ ಹಾದು, ಗಾಂಧಿಬಜಾರಿಗೆ ಬರುತ್ತಾರೆ. ಕಳೆದ ತಿಂಗಳು ಸಂಗ್ರಹಕಾರ ಮಹನೀಯರೊಬ್ಬರು ಅದನ್ನು ಕೊಳ್ಳಲು ಬಂದರು. ಗಾಡಿಯ ಸುತ್ತ ಎರಡು ಸಲ ತಿರುಗಿ, ಕಾರ್ಬ್ಯುರೇಟರ್ ಅಸಲಲ್ಲ, ಸೀಟು ಅಸಲಲ್ಲ, ಹಿಂದಿನ ಕ್ಯಾರಿಯರ್ ಅಂತೂ ಅಪಚಾರವೆಂದು ಒಂದೊಂದಕ್ಕೂ ಇಷ್ಟಿಷ್ಟು ಬೆಲೆ ಇಳಿಸಿದರು. ತಂದೆ, ತಪ್ಪು ಮಾಡಿದ ಹುಡುಗನಂತೆ, ತಲೆ ತಗ್ಗಿಸಿ ಕೇಳುತ್ತಿದ್ದರು. ನನಗೆ ಸಹಿಸಲಾಗಲಿಲ್ಲ. ಆ ಕಾರ್ಬ್ಯುರೇಟರ್ ಕೆಟ್ಟದ್ದು ನಾನು ಪಿ.ಯು. ಓದುವಾಗ, ಅಸಲು ಭಾಗವನ್ನು ಹುಡುಕುತ್ತ ಕುಳಿತಿದ್ದರೆ ವಾರದ ವ್ಯಾಪಾರ ಹೋಗುತ್ತಿತ್ತು, ಅದರೊಡನೆ ನನ್ನ ಪರೀಕ್ಷೆಯ ಶುಲ್ಕವೂ. ಕ್ಯಾರಿಯರ್ ಬೆಸೆಸಿದ ವರ್ಷವೇ ನಾನು ಈ ಕಾಲೇಜು ಸೇರಿದ್ದು. ನಮ್ಮ ವಂಶದಲ್ಲಿ ಬಿ.ಎ. ತರಗತಿಯನ್ನು ಕಂಡವನು ನಾನೇ ಮೊದಲಿಗ.

ಕಾನೂನೂ ಆ ಮಹನೀಯರ ಕಡೆಗೇ. 2021ರ ಕೇಂದ್ರ ನಿಯಮದಂತೆ, 50 ವರ್ಷ ಮೀರಿಯೂ ಮೂಲರೂಪ ಕೆಡದ ವಾಹನಕ್ಕೆ ‘ವಿಂಟೇಜ್’ ನೋಂದಣಿ ದೊರೆಯುತ್ತದೆ. ಅದನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದು. ದಿನನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸುವಂತಿಲ್ಲ. ದುಡಿಯದಿರುವುದೇ ಗೌರವದ ಷರತ್ತು! ಸಂಗ್ರಹಕಾರರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವರಿಲ್ಲದಿದ್ದರೆ ಎಷ್ಟೋ ಜಾವಾಗಳು ಗುಜರಿ ಸೇರುತ್ತಿದ್ದುವು. ಆದರೆ ಬದಲಾಯಿಸಿದ ಭಾಗವೂ ಗಾಡಿಯ ಚರಿತ್ರೆಯೇ ಅಲ್ಲವೆ? ರಿಪೇರಿಯ ಗುರುತಿಗೆ ಬೆಲೆ ಕಳೆಯುವ ಬದಲು ಕೂಡಿಸುವ ತಕ್ಕಡಿಯೊಂದಿದ್ದರೆ, ಸಂಗ್ರಹಯೋಗ್ಯತೆಯಲ್ಲಿಯೂ ನನ್ನ ಮತ ಯೆಜ್ಡಿಗೇ.

ಅಷ್ಟೆಲ್ಲ ಇಳಿಸಿದ ಮೇಲೂ ಅವರು ಹೇಳಿದ ಬೆಲೆ ಕಡಿಮೆಯೇನಲ್ಲ, ನನ್ನ ಎಂ.ಎ.ಯ ಮೊದಲ ವರ್ಷಕ್ಕೆ ಸಾಕು. ತಂದೆ ಇನ್ನೂ ಉತ್ತರ ಕೊಟ್ಟಿಲ್ಲ. ನಿನ್ನೆ ರಾತ್ರಿ ಸೈಲೆನ್ಸರ್ ಬಿಚ್ಚಿ ಮಸಿ ಕೆರೆಯುತ್ತಿದ್ದರು. ನಾನು ಟಾರ್ಚು ಹಿಡಿದೆ.