ರಾಮೆನ್ ಬಟ್ಟಲು ಮತ್ತು ಉಪ್ಪಿನ ಲೆಕ್ಕ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ಕನ್ನಡಿಗರಲ್ಲಿ ಮನೆಮಾತಾದ ಗಾದೆ. ಪರದೇಶದ ಊಟದಂಗಡಿಯಲ್ಲಿ ಈ ಎರಡು ಬಲ್ಮೆಗಳೂ ಒಂದಾಗಿಬಿಡುತ್ತವೆ; ಕೇಳಲು ಬಾರದವನಿಗೆ ಅಲ್ಲಿ ಉಣ್ಣಲೂ ಬಾರದು. ಉದ್ಯೋಗ, ವ್ಯಾಪಾರ, ವ್ಯಾಸಂಗಗಳ ನಿಮಿತ್ತ ಮುಂಬಯಿ, ಪುಣೆ, ಮದರಾಸುಗಳಿಂದ ಜಪಾನಿಗೆ ಹೋಗಿಬರುವ ಕನ್ನಡಿಗರು ಇಂದು ವಿರಳರಲ್ಲ. ಅಲ್ಲಿನ ರಾಮೆನ್ ಅಂಗಡಿಯಲ್ಲಿ ಏನನ್ನು ಕೇಳಬೇಕು, ಎಷ್ಟನ್ನು ಉಣ್ಣಬೇಕು ಎಂಬುದು ಆರೋಗ್ಯದ ದೃಷ್ಟಿಯಿಂದ ವಿಚಾರಾರ್ಹವಾದ ವಿಷಯ.

ರಾಮೆನ್ ಎಂದರೆ ಬಿಸಿ ಸಾರಿನಲ್ಲಿ ಮುಳುಗಿಸಿದ ಗೋಧಿಯ ಶಾವಿಗೆ. ಇದರ ಮೂಲ ಜಪಾನಿನದಲ್ಲ. ಬಂದರು ಪಟ್ಟಣಗಳಿಗೆ ವಲಸೆ ಬಂದ ಚೀನೀಯರು ತಂದ ಅಡುಗೆ. 1910ರಲ್ಲಿ ಟೋಕಿಯೋದ ಅಸಾಕುಸದಲ್ಲಿ ತೆರೆದ ‘ರೈರೈಕೆನ್’ ಎಂಬ ಅಂಗಡಿಯು ಯೊಕೊಹಾಮದಿಂದ ಚೀನೀ ಅಡುಗೆಯವರನ್ನು ಕರೆತಂದು ಇದನ್ನು ಜನಸಾಮಾನ್ಯರ ಊಟವಾಗಿಸಿತು. ವಲಸಿಗರ ಕೈಯಡುಗೆ ಮಹಾನಗರದ ದುಡಿಯುವ ಜನರ ಹಸಿವನ್ನು ತಣಿಸಿದ ಈ ವೃತ್ತಾಂತ, ಉಡುಪಿ ಹೋಟೆಲುಗಳ ಚರಿತ್ರೆ ಬಲ್ಲ ಮುಂಬಯಿ ಕನ್ನಡಿಗರಿಗೆ ಅಪರಿಚಿತವೆನಿಸಲಾರದು.

ಹೆಸರಾದ ರಾಮೆನ್ ಅಂಗಡಿಗಳೆಲ್ಲ ರಾಜಬೀದಿಯಲ್ಲಿ ಇರುವುದಿಲ್ಲ. ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿಯೋ, ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿಯೋ ಅವು ಅಡಗಿರುವುದುಂಟು. ಬಾಗಿಲಿಗೆ ಇಳಿಬಿಟ್ಟ ‘ನೊರೆನ್’ ಎಂಬ ಗಿಡ್ಡ ಪರದೆಯೇ ಅಂಗಡಿ ತೆರೆದಿದೆಯೆಂಬ ಸೂಚನೆ. ಒಳಗೆ ಒಲೆಯ ಎದುರಿನ ಕಟ್ಟೆಯ ಉದ್ದಕ್ಕೂ ಎಂಟೋ ಹತ್ತೋ ಆಸನಗಳು. ಅನೇಕ ಅಂಗಡಿಗಳಲ್ಲಿ ಬಾಗಿಲ ಬಳಿಯ ಯಂತ್ರಕ್ಕೆ ಹಣ ಹಾಕಿ ಗುಂಡಿಯೊತ್ತಿ, ಬಂದ ಚೀಟಿಯನ್ನು ಅಡುಗೆಯವನಿಗೆ ಕೊಡುವುದು ಪದ್ಧತಿ. ಎಡಭಾಗದ ಮೇಲ್ತುದಿಯ ಗುಂಡಿ ಸಾಮಾನ್ಯವಾಗಿ ಅಂಗಡಿಯ ವಿಶೇಷ ತಿನಿಸಿನದು. ಭಾಷೆ ಬಾರದವನು ಅದನ್ನೇ ಒತ್ತಿ ನಿಶ್ಚಿಂತನಾಗುತ್ತಾನೆ. ಆದರೆ ಚಿಂತಿಸಬೇಕಾದುದು ಅಲ್ಲಿಯೇ.

ಮೊದಲನೆಯದು ಸಸ್ಯಾಹಾರಿಗಳ ಪ್ರಶ್ನೆ. ‘ಮಾಂಸ ಬೇಡ’ ಎಂದು ಕೇಳಿದರೆ ಮೇಲಿಟ್ಟ ಹಂದಿಮಾಂಸದ ತುಣುಕು ತಪ್ಪೀತು, ಸಾರು ಬದಲಾಗದು. ಆ ಸಾರು ಕೋಳಿಯ ಅಥವಾ ಹಂದಿಯ ಮೂಳೆಗಳನ್ನೋ, ಒಣಮೀನನ್ನೋ ಕುದಿಸಿ ಇಳಿಸಿದ್ದು. ‘ತೊಂಕೊತ್ಸು’ ಎಂಬ ಬೆಳ್ಳನೆಯ ಗಟ್ಟಿ ಸಾರಂತೂ ಹಂದಿಯ ಮೂಳೆಗಳನ್ನು ಬಹಳ ಹೊತ್ತು ಬೇಯಿಸಿದ ಫಲ. ಮೇಲೆ ಬರೀ ತರಕಾರಿ ಕಂಡಿತೆಂದು ನಂಬುವಂತಿಲ್ಲ. ವ್ರತನಿಷ್ಠರು ಸಾರಿನ ಮೂಲವನ್ನೇ ವಿಚಾರಿಸಬೇಕು. ಇಲ್ಲವೇ ಸಸ್ಯಾಹಾರಿ ರಾಮೆನ್‌ಗೆಂದೇ ಇರುವ ಅಂಗಡಿಯನ್ನು ಹುಡುಕಿ ಹೋಗಬೇಕು.

ಎರಡನೆಯದು ಎಲ್ಲರಿಗೂ ಸಂಬಂಧಿಸಿದ್ದು: ಉಪ್ಪು. ಷೋಯು, ಷಿಯೊ, ಮಿಸೊ ಎಂದು ರಾಮೆನ್‌ಗೆ ಹೆಸರು ತರುವ ಮೂಲದ್ರವ್ಯಗಳು ಕ್ರಮವಾಗಿ ಸೋಯಾ ರಸ, ಉಪ್ಪು ಮತ್ತು ಹುದುಗಿಸಿದ ಸೋಯಾ ಹಿಟ್ಟು. ಮೂರೂ ಉಪ್ಪಿನ ಆಗರಗಳೇ. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಾರನ್ನೆಲ್ಲ ಕುಡಿದರೆ ಒಂದೇ ಬಟ್ಟಲು ಈ ಮಿತಿಯನ್ನು ಮುಟ್ಟುವುದೂ, ದಾಟುವುದೂ ಉಂಟು. ರಕ್ತದೊತ್ತಡವುಳ್ಳವರಿಗೆ ಇದು ಅಲಕ್ಷಿಸತಕ್ಕ ಸಂಗತಿಯಲ್ಲ.

ಹಾಗೆಂದು ಆ ಊಟವನ್ನೇ ನಿಷೇಧಿಸುವುದು ವಿವೇಕವೆನಿಸದು. ಪರಿಹಾರವು ಕೇಳುವ ಮಾತಿನಲ್ಲಿಯೇ ಇದೆ. 1974ರಲ್ಲಿ ಯೊಕೊಹಾಮದಲ್ಲಿ ಆರಂಭವಾದ ‘ಯೊಶಿಮುರಾಯ’ ಅಂಗಡಿಯಿಂದ ಬೆಳೆದ ಸಂಪ್ರದಾಯದಲ್ಲಿ ಶಾವಿಗೆಯ ಗಡಸುತನ, ಸಾರಿನ ಖಾರಸಾರ, ಕೊಬ್ಬಿನ ಪ್ರಮಾಣಗಳನ್ನು ಗಿರಾಕಿಯೇ ಹೇಳಬಹುದು. ‘ಅಜಿ ಉಸುಮೆ’ ಎಂದರೆ ರುಚಿ ತೆಳುವಾಗಿರಲಿ. ‘ಅಬುರಾ ಸುಕುನಮೆ’ ಎಂದರೆ ಕೊಬ್ಬು ಕಡಿಮೆಯಿರಲಿ. ಈ ಎರಡು ನುಡಿಗಳನ್ನು ಕಲಿತವನು ಅರ್ಧ ವೈದ್ಯನೇ ಸರಿ. ಉಳಿದರ್ಧವೆಂದರೆ ಶಾವಿಗೆಯನ್ನು ಉಂಡು ಸಾರನ್ನು ಬಟ್ಟಲಿನಲ್ಲಿಯೇ ಬಿಡುವುದು.

ಸಾರು ಬಿಡುವುದು ಅಡುಗೆಯವನಿಗೆ ಅಗೌರವವೆಂದು ಕೆಲವರು ವಾದಿಸುತ್ತಾರೆ. ಬಟ್ಟಲು ಬರಿದು ಮಾಡುವುದನ್ನು ಮೆಚ್ಚುಗೆಯ ಗುರುತೆಂದು ಜಪಾನೀಯರು ಎಣಿಸುವುದು ನಿಜ. ಆದರೆ ಸಾರನ್ನು ಉಳಿಸಿ ಏಳುವುದು ಅಲ್ಲಿಯೂ ತಪ್ಪೆನಿಸಿಲ್ಲ. ಏಳುವಾಗ ‘ಗೊಚಿಸೋಸಾಮ’ ಎಂದು ಕೃತಜ್ಞತೆ ಸೂಚಿಸಿದರೆ ಸಾಕು. ಅನ್ನದಾತನ ಗೌರವವು ಉಣ್ಣುವವನ ರಕ್ತದೊತ್ತಡದಿಂದ ಅಳೆಯತಕ್ಕುದಲ್ಲ.

ಉಪ್ಪಿನ ಹೆದರಿಕೆ ಅತಿಶಯೋಕ್ತಿಯೆನ್ನುವವರು ಜಪಾನಿನದೇ ನಾಗಾನೊ ಪ್ರಾಂತವನ್ನು ನೋಡಬಹುದು. ಉಪ್ಪಿನಲ್ಲಿ ಹಾಕಿಟ್ಟ ತರಕಾರಿ ಮತ್ತು ಮಿಸೊ ಸಾರು ನಿತ್ಯಾಹಾರವಾಗಿದ್ದ ಆ ಚಳಿಸೀಮೆಯಲ್ಲಿ ಒಂದು ಕಾಲಕ್ಕೆ ಪಾರ್ಶ್ವವಾಯುವಿನ ಸಾವುಗಳು ಬಹಳವಿದ್ದವು. 1980ರ ದಶಕದಲ್ಲಿ ಅಲ್ಲಿ ಉಪ್ಪು ತಗ್ಗಿಸುವ ಚಳವಳಿ ನಡೆಯಿತು. ಆರೋಗ್ಯ ಸ್ವಯಂಸೇವಕಿಯರು ಮನೆಗಳ ಸಾರಿನ ಉಪ್ಪನ್ನು ಅಳೆದು ತಿಳಿಹೇಳಿದರು. 2010ರ ಗಣನೆಯಲ್ಲಿ ಪುರುಷರ ಮತ್ತು ಸ್ತ್ರೀಯರ ಆಯುರ್ಮಾನಗಳೆರಡರಲ್ಲೂ ನಾಗಾನೊ ಜಪಾನಿಗೆ ಮೊದಲನೆಯದಾಯಿತು. ಇದಕ್ಕೆ ಉಪ್ಪೊಂದೇ ಕಾರಣವಲ್ಲ. ಆದರೆ ರುಚಿಯ ರೂಢಿಯನ್ನು ಬದಲಿಸಲು ಸಾಧ್ಯವೆಂಬುದಕ್ಕೆ ಅದು ಸಾಕ್ಷಿ.

ಪ್ರವಾಸದಲ್ಲಿ ಒಮ್ಮೆ ಉಂಡ ಬಟ್ಟಲಿನಿಂದ ಯಾರಿಗೂ ದೊಡ್ಡ ಕೇಡಾಗದು. ಕೇಡು ಇರುವುದು ನಿತ್ಯದ ರೂಢಿಯಲ್ಲಿ. 1958ರಲ್ಲಿ ಮೊಮೊಫುಕು ಆಂದೊ ಅವರು ಹೊರತಂದ ದಿಢೀರ್ ರಾಮೆನ್‌ನ ಸಂತತಿ ಇಂದು ಮಹಾನಗರಗಳ ಬಾಡಿಗೆ ಕೋಣೆಗಳನ್ನೂ ತುಂಬಿದೆ. ಊರು ಬಿಟ್ಟು ಬಂದ ಒಂಟಿ ತರುಣನ ರಾತ್ರಿಯ ಊಟ ಆ ಪೊಟ್ಟಣವೇ ಆಗಿರುವುದುಂಟು. ಅದರ ಮಸಾಲೆ ಪುಡಿಯಲ್ಲಿ ಅರ್ಧವನ್ನಷ್ಟೇ ಹಾಕಿ, ಒಂದು ಹಿಡಿ ಸೊಪ್ಪು ತರಕಾರಿ ಬೆರೆಸುವಂತೆ ಅವನಿಗೆ ಹೇಳುವ ಹಿರಿಯರು ಪ್ರತಿಯೊಂದು ಕನ್ನಡ ಸಂಘದಲ್ಲಿಯೂ ಇರಬೇಕು. ಊಟ ಬಲ್ಲವರು ಮಾತನ್ನೂ ಬಲ್ಲವರಾದಾಗಲೇ ಗಾದೆ ಸಾರ್ಥಕವಾದೀತು.